ಸೆಲ್ಫ್ ಮುಟ್ಟದೆ ಟ್ಯಾಪೆಟ್ ಸೆಟ್ಟಿಂಗ್: ಹಳೆಯ ಮೂರು ಸಿಲಿಂಡರ್ ಟ್ರ್ಯಾಕ್ಟರ್ ಎಂಜಿನ್ನನ್ನು ಕೈಯಲ್ಲಿ ತಿರುಗಿಸುವ ಬಗೆ

ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿನ ತಲೆಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಣ್ಣ ಸಂದು, ಇಡುವುದು ಕಷ್ಟದ ಕೆಲಸವಲ್ಲ. ಸ್ಕ್ರೂಡ್ರೈವರ್, ಪಾನಾ, ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳ ಕಟ್ಟು) ಇದ್ದರೆ ಸಾಕು. ತಪ್ಪಾಗುವುದು ಅದಕ್ಕೆ ಮುಂಚಿನ ಕೆಲಸದಲ್ಲಿ, ಅಂದರೆ ಎಂಜಿನ್ನನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುವುದರಲ್ಲಿ. ವಾಲ್ವ್ ತೆರೆಯಿಸುವ ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಕೆಳಗೆ ಸ್ವಲ್ಪ ಬಂದಿರುವಾಗ ಗ್ಯಾಪ್ ಇಟ್ಟರೆ ಗೇಜ್ ತೋರಿಸಿದ್ದು ಸುಳ್ಳು ಲೆಕ್ಕ. ಎಷ್ಟು ನಾಜೂಕಾಗಿ ಸ್ಕ್ರೂ ತಿರುಗಿಸಿದರೂ ಅದು ತಪ್ಪೇ. ಸೆಲ್ಫ್ ಅನ್ನು (ಸ್ಟಾರ್ಟರ್ ಮೋಟಾರ್) ಚೂರು ಚೂರೇ ಹೊಡೆದು ಅಂದಾಜಿನಲ್ಲಿ ನಿಲ್ಲಿಸುವವರಿಗೆ ಹೀಗಾಗುವುದು ಹೆಚ್ಚು. ಹಾಗಾಗಿ ಇಲ್ಲಿ ತಿರುಗಿಸುವುದರ ಬಗ್ಗೆಯೇ ಹೆಚ್ಚು ಹೇಳಿದೆ.

ಉದಾಹರಣೆಗೆ ತೆಗೆದುಕೊಂಡಿರುವುದು ಪರ್ಕಿನ್ಸ್ ಎಡಿ3.152. 1964ರಲ್ಲಿ ಬಂದ ಮ್ಯಾಸ್ಸಿ ಫರ್ಗುಸನ್ 135ರಲ್ಲಿ ಇರುವ ಡೀಸೆಲ್ ಎಂಜಿನ್ ಇದೇ. ಮೂರು ಸಿಲಿಂಡರ್, 152 ಘನ ಇಂಚು, ಅಂದರೆ ಸುಮಾರು 2.5 ಲೀಟರ್. ಬೋರ್ 91.4 ಮಿ.ಮೀ., ಸ್ಟ್ರೋಕ್ 127 ಮಿ.ಮೀ., ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-2-3. ಒಂದನೆಯ ಸಿಲಿಂಡರ್ ರೇಡಿಯೇಟರ್ ಕಡೆಯದು. ಟ್ಯಾಪೆಟ್ ಗ್ಯಾಪ್ ಇನ್ಲೆಟ್ಟಿಗೂ ಎಕ್ಸಾಸ್ಟಿಗೂ ಒಂದೇ: ತಣ್ಣಗಿದ್ದಾಗ 0.30 ಮಿ.ಮೀ., ಅಂದರೆ 12 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ), ಬಿಸಿಯಿದ್ದಾಗ 0.25 ಮಿ.ಮೀ., ಅಂದರೆ 10 ಥೌ. ನಮ್ಮ ಕಡೆಯ ಮ್ಯಾಸ್ಸಿ 1035ರಲ್ಲಿರುವ ಸಿಂಪ್ಸನ್ ಎಂಜಿನ್ನಿಗೂ ಮೂರೇ ಸಿಲಿಂಡರ್, ಕೆಲಸದ ರೀತಿಯೂ ಇದೇ. ಆದರೆ ಗ್ಯಾಪಿನ ಅಳತೆಯನ್ನು ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ‘ಎಲ್ಲಾ ಡೀಸೆಲ್ಲಿಗೂ 12 ಥೌ’ ಎನ್ನುವ ಗ್ಯಾರೇಜ್ ಮಾತನ್ನು ನಂಬಬೇಡಿ.

ಈ ಕೆಲಸಕ್ಕೆ ಎಂಜಿನ್ ತಣ್ಣಗಿರುವುದೇ ಒಳ್ಳೆಯದು. ರಾತ್ರಿಯೆಲ್ಲಾ ನಿಂತ ಟ್ರ್ಯಾಕ್ಟರನ್ನು ಬೆಳಿಗ್ಗೆ ಬಿಚ್ಚಿದರೆ ಅಳತೆಯಲ್ಲಿ ಗೊಂದಲವೇ ಇರುವುದಿಲ್ಲ. ಬಿಸಿ ಅಳತೆಯಲ್ಲಿ ಸೆಟ್ ಮಾಡಲು ಹೊರಟರೆ ಮೂರನೆಯ ಸಿಲಿಂಡರಿಗೆ ಬರುವಷ್ಟರಲ್ಲಿ ಹೆಡ್ ಅರ್ಧ ಆರಿರುತ್ತದೆ. ಆಗ ಅದು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ.

ಶುರು ಮಾಡುವ ಮುನ್ನ

ಟ್ರ್ಯಾಕ್ಟರ್ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳ ಎರಡೂ ಕಡೆಗೆ ಕಲ್ಲೋ ಮರದ ತುಂಡೋ ಕೊಡಿ. ಗೇರ್ ಮತ್ತು ಹೈ-ಲೋ ಲಿವರ್ ಎರಡೂ ನ್ಯೂಟ್ರಲ್‌ನಲ್ಲಿರಲಿ, ಪಿಟಿಓ ಬಿಡಿಸಿರಲಿ. ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬನ್ನು ಪೂರ್ತಿ ಎಳೆದು, ಮತ್ತೆ ಒಳಗೆ ಹೋಗದ ಹಾಗೆ ತಂತಿ ಕಟ್ಟಿ. ಇದು ಮರೆತುಹೋಗುವ ಕೆಲಸ, ಆದರೆ ಮರೆಯಬಾರದು. ಪಂಪ್ ಡೀಸೆಲ್ ಕೊಡುತ್ತಿದ್ದರೆ ಕೈಯಲ್ಲಿ ತಿರುಗಿಸುವಾಗಲೂ ಅದು ಸಿಲಿಂಡರಿಗೆ ಹೋಗುತ್ತದೆ. ಎಂಜಿನ್ ಬಿಸಿಯಿದ್ದರೆ ಒಂದು ಒದೆತ ಕೊಟ್ಟರೂ ಕೊಟ್ಟೀತು, ಆಗ ಪುಲ್ಲಿಯ ಮೇಲಿರುವ ರಾಡ್ ನೇರ ಮೊಣಕೈಗೆ ಬರುತ್ತದೆ.

ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ. ಮೈನಸ್ ತುದಿಯೇ ಅರ್ಥ್ ಎಂದುಕೊಳ್ಳಬೇಡಿ. ಹಳೆಯ ಬ್ರಿಟಿಷ್ ಟ್ರ್ಯಾಕ್ಟರ್‌ಗಳಲ್ಲಿ ಪ್ಲಸ್ ತುದಿಯನ್ನು ಅರ್ಥ್ ಮಾಡಿರುವುದುಂಟು. ಯಾವ ಕೇಬಲ್ ಬಾಡಿಗೆ ಹೋಗಿದೆಯೋ ಅದನ್ನು ಬಿಚ್ಚಬೇಕು. ನೀವು ಪುಲ್ಲಿಯ ಹತ್ತಿರ ಕೈಯಿಟ್ಟಿರುವಾಗ ಬೇರೆ ಯಾರೋ ಸೆಲ್ಫ್ ಹೊಡೆದರೆ ಬೆರಳು ಹೋಗುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡರೆ ಸಾಲದು.

ರಾಕರ್ ಕವರ್ ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣು, ಹೊಟ್ಟು, ಎಣ್ಣೆಯ ಜಿಡ್ಡನ್ನು ಬ್ರಷ್ಷಿನಿಂದ ಪೂರ್ತಿ ಒರೆಸಿ. ಕವರ್ ತೆಗೆದ ಮೇಲೆ ಬೀಳುವ ಒಂದು ಚಿಟಿಕೆ ಮಣ್ಣು ಪುಶ್‌ರಾಡ್ (ಟ್ಯಾಪೆಟ್ಟಿನಿಂದ ರಾಕರಿಗೆ ಹೋಗುವ ಕಡ್ಡಿ) ತೂತಿನಿಂದ ನೇರ ಕೆಳಗಿನ ಎಣ್ಣೆಯ ಸಂಪಿಗೆ ಇಳಿಯುತ್ತದೆ. ಕವರ್ ಪ್ಯಾಕಿಂಗ್ ಕಾರ್ಕಿನದಾದರೆ ಹೊಸದೊಂದನ್ನು ಮೊದಲೇ ತಂದಿಟ್ಟುಕೊಳ್ಳಿ. ವರ್ಷಗಟ್ಟಲೆ ಕಾದು ಗಟ್ಟಿಯಾದ ಕಾರ್ಕ್ ಬಿಚ್ಚಿದಾಗ ಮುರಿಯದೆ ಬರುವುದು ಅಪರೂಪ.

ತಿರುಗಿಸುವುದಕ್ಕೆ ಎಲ್ಲಿ ಹಿಡಿಯಬೇಕು

ಎಲ್ಲಕ್ಕಿಂತ ಉತ್ತಮ ಜಾಗ ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟ್ ಅಥವಾ ನಟ್. ಸರಿಯಾಗಿ ಕೂರುವ ಸಾಕೆಟ್ ಹಾಕಿ, 450ರಿಂದ 600 ಮಿ.ಮೀ. ಉದ್ದದ ರಾಡ್ ಸೇರಿಸಿ. ಅದಕ್ಕಿಂತ ಉದ್ದದ ಪೈಪ್ ಬೇಡ. ಉದ್ದ ಪೈಪಿನಲ್ಲಿ ಕೈಗೆ ಏನೂ ತಿಳಿಯುವುದಿಲ್ಲ, ಒಳಗೆ ಏನಾದರೂ ಅಡ್ಡ ಬಂದಿದ್ದರೂ ಎಳೆದುಬಿಡುತ್ತೀರಿ. ಟ್ರ್ಯಾಕ್ಟರಿನ ಮುಂದೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಎಂಜಿನ್ ಓಡುವ ದಿಕ್ಕೂ ಅದೇ, ಬೋಲ್ಟ್ ಬಿಗಿಯಾಗುವ ದಿಕ್ಕೂ ಅದೇ. ಉಲ್ಟಾ ಎಳೆದರೆ ಎಂಜಿನ್ ತಿರುಗುವ ಬದಲು ಪುಲ್ಲಿ ಬೋಲ್ಟೇ ಸಡಿಲವಾಗಬಹುದು. ಗುರುತು ದಾಟಿ ಮುಂದೆ ಹೋದರೆ ಕಾಲು ಸುತ್ತು ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ಬಂದು ನಿಲ್ಲಿಸಿ. ಟೈಮಿಂಗ್ ಗೇರುಗಳ ಹಲ್ಲಿನ ನಡುವಿನ ಸಡಿಲ ಆಗ ಒಂದೇ ಕಡೆಗೆ ಸೇರುತ್ತದೆ.

ಹಲವು ಟ್ರ್ಯಾಕ್ಟರ್‌ಗಳಲ್ಲಿ ಪುಲ್ಲಿಯ ಮುಂದೆ ಆಕ್ಸಲ್ ಹಿಡಿದಿರುವ ಎರಕದ ತುಂಡು ಅಡ್ಡ ಇರುತ್ತದೆ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುತ್ತಿದ್ದ ಕಾಲದ ತೂತು ಅದರಲ್ಲಿದ್ದರೆ ಉದ್ದ ಎಕ್ಸ್‌ಟೆನ್ಷನ್ನನ್ನು ಅಲ್ಲಿಂದ ತೂರಿಸಬಹುದು. ಇಲ್ಲದಿದ್ದರೆ ಫ್ಲೈವೀಲ್ ಕಡೆಗೆ ಹೋಗಿ. ಬೆಲ್ ಹೌಸಿಂಗಿನ ತಗಡಿನ ಮುಚ್ಚಳ ಬಿಚ್ಚಿ, ಅಥವಾ ಸೆಲ್ಫ್ ಮೋಟಾರ್ ಇಳಿಸಿ, ರಿಂಗ್ ಗೇರಿನ ಹಲ್ಲಿಗೆ ದಪ್ಪ ಸ್ಕ್ರೂಡ್ರೈವರ್ ಕೊಟ್ಟು ಒಂದೊಂದೇ ಹಲ್ಲು ಮೀಟುತ್ತಾ ಹೋಗಬಹುದು. ನಿಧಾನ, ಆದರೆ ಬೇಕೆಂದ ಜಾಗದಲ್ಲಿ ನಿಖರವಾಗಿ ನಿಲ್ಲುತ್ತದೆ. ಹಲ್ಲಿನ ತುದಿಗಲ್ಲ, ಬುಡಕ್ಕೆ ಕೊಡಿ. ಮೀಟಲು ಆಧಾರವಾಗಿ ಅಲ್ಯೂಮಿನಿಯಂ ಅಂಚನ್ನು ಬಳಸಬೇಡಿ, ಸೀಳುತ್ತದೆ.

ಫ್ಯಾನ್ ಹಿಡಿದು ತಿರುಗಿಸುವುದು ಎಲ್ಲರೂ ಮೊದಲು ಮಾಡುವ ಪ್ರಯತ್ನ. ನಾಜಲ್‌ಗಳು (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು) ಹೊರಗಿದ್ದರೆ, ಇನ್ನೊಂದು ಕೈಯಲ್ಲಿ ಬೆಲ್ಟನ್ನು ಒತ್ತಿ ಬಿಗಿ ಹಿಡಿದರೆ, ಅದು ನಡೆದೀತು. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಅಮುಕಿದ ಗಾಳಿಯ ಎದುರೊತ್ತು, ಇದ್ದಾಗ ಬೆಲ್ಟ್ ಜಾರುತ್ತದೆ, ರೆಕ್ಕೆ ಬಾಗುತ್ತದೆ. ಬಾಗಿದ ರೆಕ್ಕೆಯಿಂದ ಫ್ಯಾನ್ ತೂಕ ತಪ್ಪಿ, ಕೆಲವು ತಿಂಗಳಲ್ಲಿ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ.

ಟಾಪ್ ಗೇರಿಗೆ ಹಾಕಿ ಟ್ರ್ಯಾಕ್ಟರನ್ನೇ ತಳ್ಳುವ ಪದ್ಧತಿಯೂ ಹಳ್ಳಿಗಳಲ್ಲಿದೆ. ಈ ಕೆಲಸಕ್ಕೆ ಅದು ಬೇಡ. ಚಕ್ರ ಸ್ವಲ್ಪ ಉರುಳಿದರೆ ಸಾಕು, ಎಂಜಿನ್ ಬಹಳ ದೂರ ತಿರುಗಿರುತ್ತದೆ. ಹತ್ತು ಡಿಗ್ರಿಯ ಲೆಕ್ಕದಲ್ಲಿ ನಿಲ್ಲಿಸಲು ಆಗುವುದೇ ಇಲ್ಲ. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ ತಿರುಗಿಸುವುದು ಇನ್ನೂ ಕಷ್ಟ. ಒಂದು ಚಕ್ರ ನೆಲದಲ್ಲಿದ್ದಾಗ ಎತ್ತಿದ ಚಕ್ರ ಹಿಂದಿನ ಆಕ್ಸಲ್ಲಿನ ಕ್ರೌನ್ ಗೇರಿಗಿಂತ ಎರಡು ಪಟ್ಟು ತಿರುಗಬೇಕು ನಿಜ, ಆದರೂ ಚಕ್ರದ ಒಂದು ಸುತ್ತಿಗೆ ಎಂಜಿನ್ ಹಲವು ಸುತ್ತು ಹೋಗಬೇಕಾದ್ದರಿಂದ ಕಂಪ್ರೆಷನ್ ವಿರುದ್ಧ ಬೇಕಾಗುವ ಬಲ ಮನುಷ್ಯನ ಕೈಗೆ ಮೀರಿದ್ದು. ಜೊತೆಗೆ ಚಕ್ರ ಗಾಳಿಯಲ್ಲಿರುವ, ಗೇರ್‌ನಲ್ಲಿರುವ ಟ್ರ್ಯಾಕ್ಟರ್ ಜಾಕಿನಿಂದ ಉರುಳುವ ಅಪಾಯ.

ನಾಜಲ್ ಬಿಚ್ಚಬೇಕೆ?

ಬಿಚ್ಚಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ ಎನ್ನುವುದು ಖರೆ. ಆದರೆ ಪ್ರತಿ ನಾಜಲ್ ಕೆಳಗೂ ತಾಮ್ರದ ವಾಷರ್ ಹೊಸದು ಬೇಕು, ಪೈಪುಗಳನ್ನು ಬಿಚ್ಚಿ ಬಾಯಿ ಮುಚ್ಚಬೇಕು, ಕೊನೆಗೆ ಗಾಳಿ ತೆಗೆಯಬೇಕು. ಹಳೆಯ ವಾಷರನ್ನೇ ಹಾಕಿದರೆ ಅಲ್ಲಿಂದ ಗ್ಯಾಸ್ ಸೋರಿ ಕಪ್ಪು ಮಸಿ ಕಟ್ಟಲು ಶುರುವಾಗುತ್ತದೆ. ಬರೀ ಟ್ಯಾಪೆಟ್ ಸೆಟ್ಟಿಂಗಿಗೆ ಇಷ್ಟೆಲ್ಲಾ ಬೇಕಿಲ್ಲ. ನಾಜಲ್ ಇದ್ದಹಾಗೇ ನಿಧಾನವಾಗಿ ತಿರುಗಿಸಿ.

ನಿಧಾನವೆಂದರೆ ಹೀಗೆ: ರಾಡ್ ಮೇಲೆ ಭಾರ ಹಾಕಿ, ಎದುರೊತ್ತು ಕೈಗೆ ಸಿಕ್ಕಿದ ಕಡೆ ಹಾಗೇ ಹಿಡಿದು ನಿಲ್ಲಿ. ಐದು-ಹತ್ತು ಸೆಕೆಂಡಿನಲ್ಲಿ ಸಿಲಿಂಡರಿನ ಗಾಳಿ ರಿಂಗುಗಳ ಸಂದಿನಿಂದ ಇಳಿಯುತ್ತದೆ, ರಾಡ್ ತಾನಾಗಿ ಮುಂದೆ ಸರಿಯುತ್ತದೆ. ಎಳೆದು ದಾಟಿಸಲು ಹೋಗಬೇಡಿ. ಎಳೆದು ದಾಟಿಸಿದರೆ ಪಿಸ್ಟನ್ ತುದಿ ದಾಟುತ್ತಲೇ ಒಳಗಿನ ಗಾಳಿ ಅದನ್ನು ಝಾಡಿಸಿ ಕೆಳಗೆ ತಳ್ಳುತ್ತದೆ, ನಿಲ್ಲಬೇಕಾದ ಜಾಗ ಹಿಂದೆ ಉಳಿಯುತ್ತದೆ.

ಡಿಕಂಪ್ರೆಷನ್ ಲಿವರ್ ಇರುವ ಎಂಜಿನ್ನುಗಳೂ ಉಂಟು, ಹಳೆಯ ಪಂಪ್‌ಸೆಟ್ ಡೀಸೆಲ್‌ಗಳಲ್ಲಿ ಅದು ಸಾಮಾನ್ಯ. ತಿರುಗಿಸುವಾಗ ಅದನ್ನು ಎತ್ತಿಕೊಳ್ಳಬಹುದು, ಆದರೆ ಗೇಜ್ ಹಾಕುವ ಮುನ್ನ ಇಳಿಸಲೇಬೇಕು. ಎತ್ತಿದ ಲಿವರ್ ವಾಲ್ವನ್ನು ಒತ್ತಿ ಹಿಡಿದಿರುತ್ತದೆ, ಆಗಿನ ಗ್ಯಾಪಿಗೆ ಅರ್ಥವಿಲ್ಲ.

ಈ ನಿಧಾನದಲ್ಲಿ ಇನ್ನೊಂದು ಲಾಭವಿದೆ, ಅದಕ್ಕಾಗಿಯೇ ಸೆಲ್ಫ್ ಬದಲು ಕೈ ಬಳಸಬೇಕು. ಎರಡು ಪೂರ್ತಿ ಸುತ್ತಿನಲ್ಲಿ ಮೂರು ಸಿಲಿಂಡರುಗಳ ಎದುರೊತ್ತೂ ಒಂದೊಂದು ಸಲ ಕೈಗೆ ಬರುತ್ತದೆ. ಮೂರೂ ಸರಿಸುಮಾರು ಒಂದೇ ಹೊತ್ತು ಹಿಡಿದು ನಿಂತರೆ ಎಂಜಿನ್ ಆರೋಗ್ಯವಾಗಿದೆ. ಒಂದು ಮಾತ್ರ ತಟ್ಟನೆ ಸಡಿಲ ಬಿಟ್ಟರೆ ಕಿವಿ ಕೊಟ್ಟು ಕೇಳಿ. ಏರ್ ಕ್ಲೀನರ್ ಪೈಪಿನಲ್ಲಿ ಸುಯ್ ಎಂದರೆ ಇನ್ಲೆಟ್ ವಾಲ್ವ್ ಸೋರುತ್ತಿದೆ, ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್ ವಾಲ್ವ್. ಎಣ್ಣೆ ಹಾಕುವ ಬಾಯಿಯಲ್ಲಿ ಜೋರು ಉಸಿರು ಬಂದರೆ ರಿಂಗ್ ಅಥವಾ ಲೈನರ್ ಸವೆದಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ವಾಲ್ವ್ ಸೋರಿಕೆ ಕೆಲವೊಮ್ಮೆ ಗ್ಯಾಪ್ ಇಲ್ಲದ್ದರಿಂದಲೇ ಆಗಿರುತ್ತದೆ, ಆದ್ದರಿಂದ ಸೆಟ್ ಮಾಡಿದ ಮೇಲೆ ಅದೇ ಸಿಲಿಂಡರನ್ನು ಮತ್ತೊಮ್ಮೆ ಹೀಗೇ ನೋಡಿ.

ಎಂಜಿನ್ ತಿರುಗದೆ ಗಟ್ಟಿಯಾಗಿ ನಿಂತರೆ ಬಲ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಸಿಲಿಂಡರಿನಲ್ಲಿ ನೀರೋ ಡೀಸೆಲ್ಲೋ ತುಂಬಿರಬಹುದು. ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ಮಾತ್ರ ನಾಜಲ್ ಬಿಚ್ಚಿ, ತೂತಿನ ನೇರಕ್ಕೆ ಮುಖ ಇಡದೆ ಮೆಲ್ಲಗೆ ತಿರುಗಿಸಿ. ನೀರು ಹೊರಬಂದರೆ ಮೊದಲು ಗ್ಯಾಸ್ಕೆಟ್ ಕೆಲಸ, ಟ್ಯಾಪೆಟ್ ಆಮೇಲೆ. ಏನೂ ಬಾರದೆ ಹಾಗೇ ಬಿಗಿದುಕೊಂಡಿದ್ದರೆ, ವರ್ಷಗಟ್ಟಲೆ ನಿಂತ ಎಂಜಿನ್ನಾದರೆ, ರಿಂಗ್ ತುಕ್ಕು ಹಿಡಿದು ಅಂಟಿರುತ್ತದೆ. ನಾಜಲ್ ತೂತಿನಿಂದ ಡೀಸೆಲ್ ಮತ್ತು ತೆಳು ಎಣ್ಣೆ ಸಮ ಬೆರೆಸಿ ಹಾಕಿ ಕೆಲವು ದಿನ ಬಿಡಿ. ಆಮೇಲೆ ರಾಡಿನಲ್ಲಿ ಮುಂದೆ ಹಿಂದೆ ಚೂರು ಚೂರೇ ಅಲುಗಿಸಿ ನೋಡಿ. ಅಂಟು ಬಿಟ್ಟ ಮೇಲೆ ನಾಜಲ್ ಹಾಕುವ ಮುನ್ನ ಆ ಎಣ್ಣೆಯನ್ನೆಲ್ಲಾ ತಿರುಗಿಸಿ ಹೊರಗೆ ಹಾಕಬೇಕು.

ಜಾಗ ಹಿಡಿಯುವುದು

ಮೊದಲು ಯಾವ ರಾಕರ್ ಇನ್ಲೆಟ್, ಯಾವುದು ಎಕ್ಸಾಸ್ಟ್ ಎಂದು ಗೊತ್ತು ಮಾಡಿಕೊಳ್ಳಿ. ಗಾಳಿಯ ಮ್ಯಾನಿಫೋಲ್ಡ್ ಮತ್ತು ಹೊಗೆಯ ಮ್ಯಾನಿಫೋಲ್ಡಿನ ಕಾಲುಗಳು ಹೆಡ್ಡಿಗೆ ಎಲ್ಲಿ ಸೇರುತ್ತವೆ ನೋಡಿ, ನೇರಕ್ಕೆ ಬರುವ ವಾಲ್ವಿಗೆ ಸೀಮೆಸುಣ್ಣದಲ್ಲಿ ‘ಇ’, ‘ಎ’ ಎಂದು ಬರೆಯಿರಿ.

ಈಗ ಒಂದನೆಯ ಸಿಲಿಂಡರಿನ ಎರಡು ರಾಕರುಗಳ ಮೇಲೆ ಕಣ್ಣಿಟ್ಟು ತಿರುಗಿಸಿ. ಎಕ್ಸಾಸ್ಟ್ ವಾಲ್ವ್ ಕೆಳಗೆ ಹೋಗಿ ಮೇಲೆ ಬರುತ್ತದೆ. ಅದು ಪೂರ್ತಿ ಮೇಲೆ ಬರುವಷ್ಟರಲ್ಲಿ ಇನ್ಲೆಟ್ ಇಳಿಯಲು ತೊಡಗುತ್ತದೆ. ಒಂದು ಏರುತ್ತಾ ಇನ್ನೊಂದು ಇಳಿಯುತ್ತಾ ಇರುವ ಆ ತೂಗಾಟದ ನಡುಬಿಂದುವಿನಲ್ಲಿ ನಿಲ್ಲಿಸಿ. ಪಿಸ್ಟನ್ ಈಗ ಟಾಪ್ ಸೆಂಟರಿನಲ್ಲಿ, ಅಂದರೆ ತನ್ನ ಅತಿ ಮೇಲಿನ ಜಾಗದಲ್ಲಿದೆ, ಆದರೆ ಹೊಗೆ ಬಿಡುವ ಸ್ಟ್ರೋಕಿನ ಕೊನೆಯಲ್ಲಿ. ಇಲ್ಲಿ ಗ್ಯಾಪ್ ಇಡಬಾರದು, ಎರಡೂ ವಾಲ್ವ್ ಸ್ವಲ್ಪ ತೆರೆದಿವೆ. ಬಹಳ ಜನ ತಪ್ಪುವುದು ಇಲ್ಲೇ: ಟಾಪ್ ಸೆಂಟರ್ ಗುರುತು ಸೇರಿತೆಂದು ಗೇಜ್ ಹಾಕಿಬಿಡುತ್ತಾರೆ. ಟಾಪ್ ಸೆಂಟರ್ ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ನಮಗೆ ಬೇಕಾದದ್ದು ಕಂಪ್ರೆಷನ್ನಿನದು.

ಪುಲ್ಲಿಯ ಅಂಚಿಗೆ, ಎಂಜಿನ್ನಿನ ಒಂದು ಕದಲದ ಜಾಗದ ನೇರಕ್ಕೆ, ಬಿಳಿ ಬಣ್ಣದಲ್ಲಿ ಗೆರೆ ಎಳೆಯಿರಿ. ಸರಿಯಾಗಿ ಒಂದು ಸುತ್ತು ತಿರುಗಿಸಿ ಗೆರೆ ಮತ್ತೆ ಅಲ್ಲಿಗೆ ಬಂದರೆ ಒಂದನೆಯ ಸಿಲಿಂಡರ್ ಕಂಪ್ರೆಷನ್ ಟಾಪ್ ಸೆಂಟರಿನಲ್ಲಿದೆ. ಅದರ ಎರಡೂ ಪುಶ್‌ರಾಡ್‌ಗಳನ್ನು ಬೆರಳಲ್ಲಿ ಉರುಳಿಸಿ ನೋಡಿ, ಸಡಿಲವಾಗಿ ತಿರುಗಬೇಕು. ನಡುಬಿಂದು ಹತ್ತು-ಹದಿನೈದು ಡಿಗ್ರಿ ಆಚೀಚೆಯಾಗಿದ್ದರೂ ಚಿಂತೆಯಿಲ್ಲ. ಕಂಪ್ರೆಷನ್ ತುದಿಯ ಎರಡೂ ಬದಿಗೆ ಬಹಳ ದೂರದವರೆಗೆ ಟ್ಯಾಪೆಟ್ ಕ್ಯಾಮಿನ ಸಪಾಟು ಬೆನ್ನಿನ ಮೇಲೇ ಇರುತ್ತದೆ.

ಉಳಿದ ಎರಡು ಸಿಲಿಂಡರುಗಳಿಗೂ ಹೀಗೇ ತೂಗಾಟ ನೋಡಿ ಒಂದು ಸುತ್ತು ತಿರುಗಿಸಬಹುದು. ಅದಕ್ಕಿಂತ ಸುಲಭ, ಪುಲ್ಲಿಯ ಸುತ್ತ ದಾರ ಸುತ್ತಿ, ಅದನ್ನು ಮೂರು ಸಮ ಮಡಿಕೆ ಮಾಡಿ, ಇನ್ನೆರಡು ಗೆರೆ ಹಾಕಿಕೊಳ್ಳುವುದು. ಮೊದಲಿನ ಗೆರೆಯಿಂದ ಶುರುಮಾಡಿ, ತಿರುಗುವಾಗ ಆ ಕದಲದ ಜಾಗದ ನೇರಕ್ಕೆ ಬರುವ ಕ್ರಮದಲ್ಲಿ ಮೂರಕ್ಕೂ ಅ, ಬ, ಕ ಎಂದು ಹೆಸರಿಡಿ. ಅ ಗೆರೆಯಲ್ಲಿ ಒಂದನೆಯ ಸಿಲಿಂಡರ್ ಸೆಟ್ ಮಾಡಿದಿರಿ. ಮುಂದಿನ ಬ ಗೆರೆಗೆ ಬಂದಾಗ ಮೂರನೆಯದರ ವಾಲ್ವುಗಳು ತೂಗುತ್ತಿರುತ್ತವೆ, ಬರೀ ನೋಡಿ ಮುಂದೆ ಹೋಗಿ. ಕ ಗೆರೆಯಲ್ಲಿ ಎರಡನೆಯದನ್ನು ಸೆಟ್ ಮಾಡಿ. ಮತ್ತೆ ಅ ಬಂದಾಗ ಒಂದನೆಯದು ತೂಗುತ್ತದೆ. ಬ ಬಂದಾಗ ಮೂರನೆಯದನ್ನು ಸೆಟ್ ಮಾಡಿ. ಕೊನೆಯ ಕ ಗೆರೆಯಲ್ಲಿ ಎರಡನೆಯದು ತೂಗುತ್ತದೆ, ಅಲ್ಲಿಂದ ಅ ಗೆರೆಗೆ ಬಂದರೆ ಎರಡು ಸುತ್ತು ಮುಗಿಯಿತು. ಒಂದು ಗೆರೆಗೆ ಸೆಟ್ಟಿಂಗ್, ಮುಂದಿನ ಗೆರೆಗೆ ತೂಗಾಟ. ಈ ಸರದಿ ಎಲ್ಲಾದರೂ ತಪ್ಪಿದರೆ ಗೆರೆ ತಪ್ಪಿದ್ದೀರಿ ಅಥವಾ ನಿಮ್ಮ ಎಂಜಿನ್ನಿನ ಫೈರಿಂಗ್ ಆರ್ಡರ್ ಬೇರೆ.

ನಾಲ್ಕು ಸಿಲಿಂಡರಿನ, 1-3-4-2 ಆರ್ಡರಿನ ಎಂಜಿನ್ನಾದರೆ ಗೆರೆಯೂ ಬೇಡ. ನಾಲ್ಕನೆಯದು ತೂಗುವಾಗ ಒಂದನೆಯದನ್ನು ಸೆಟ್ ಮಾಡಿ, ಅರ್ಧ ಸುತ್ತಿಗೆ ಎರಡನೆಯದು ತೂಗುವಾಗ ಮೂರನೆಯದನ್ನು, ಒಂದನೆಯದು ತೂಗುವಾಗ ನಾಲ್ಕನೆಯದನ್ನು, ಮೂರನೆಯದು ತೂಗುವಾಗ ಎರಡನೆಯದನ್ನು. ಜೋಡಿಯ ಪಿಸ್ಟನ್‌ಗಳು ಒಟ್ಟಿಗೇ ಏರಿಳಿಯುವುದರಿಂದ ಈ ಅನುಕೂಲ. ಮೂರು ಸಿಲಿಂಡರಿನಲ್ಲಿ ಹಾಗೆ ಜೋಡಿ ಇಲ್ಲ.

ಗ್ಯಾಪ್ ಇಡುವುದು

ಬಿಚ್ಚುವ ಮುನ್ನ ಈಗಿರುವ ಗ್ಯಾಪ್ ಎಷ್ಟೆಂದು ಅಳೆದು ಕಾಗದದಲ್ಲಿ ಬರೆಯಿರಿ. ಆರು ವಾಲ್ವ್, ಆರು ಅಂಕಿ. ಇದರ ಉಪಯೋಗ ಆಮೇಲೆ ಬರುತ್ತದೆ.

ಲಾಕ್‌ನಟ್ ಸಡಿಲಿಸಲು ರಿಂಗ್ ಪಾನಾ ಬಳಸಿ. ಹಳೆಯ ಎಂಜಿನ್ನುಗಳಲ್ಲಿ ಇಂಚಿನ ನಟ್ಟುಗಳಿರುತ್ತವೆ. ಅರ್ಧ ಇಂಚಿನ ನಟ್ಟು 12.7 ಮಿ.ಮೀ., ಅದಕ್ಕೆ 13ರ ಪಾನಾ ಕೂರುತ್ತದಾದರೂ ಮೂಲೆ ಸವೆಸುತ್ತದೆ. 0.30 ಮಿ.ಮೀ. ಬ್ಲೇಡನ್ನು ವಾಲ್ವಿನ ತಲೆ ಮತ್ತು ರಾಕರಿನ ತುದಿಯ ನಡುವೆ ನೇರವಾಗಿ ತೂರಿಸಿ, ಓರೆಯಾದರೆ ಬಿಗಿಯೆಂದು ಸುಳ್ಳು ಹೇಳುತ್ತದೆ. ಬ್ಲೇಡನ್ನು ಎಳೆಯುವಾಗ ತೆಳುವಾಗಿ ಹಿಡಿದ ಹಾಗೆ ಬರುವವರೆಗೆ ಸ್ಕ್ರೂ ತಿರುಗಿಸಿ. ಆಮೇಲೆ ಸ್ಕ್ರೂ ಅಲುಗದಂತೆ ಸ್ಕ್ರೂಡ್ರೈವರಿನಲ್ಲಿ ಹಿಡಿದು ಲಾಕ್‌ನಟ್ ಬಿಗಿ ಮಾಡಿ. ಬಿಗಿಯುವಾಗ ಸ್ಕ್ರೂ ಸ್ವಲ್ಪ ತಿರುಗಿಯೇ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲಿನ ಅಳತೆಯೇ ಅಳತೆ. 0.30ರ ಬ್ಲೇಡ್ ಹೋಗಬೇಕು, 0.35ರದ್ದು ಹೋಗಬಾರದು. ಕೈಗೆ ಎಷ್ಟು ಬಿಗಿ ಸಿಕ್ಕಿತೆನ್ನುವುದಕ್ಕಿಂತ ಈ ಎರಡು ಬ್ಲೇಡಿನ ಪರೀಕ್ಷೆ ನಂಬಿಕೆಯದು.

ಸರಿಯಾಗಿ ಸೆಟ್ ಮಾಡಿದರೂ ಕಟಕಟ ಸದ್ದು ಹೋಗದಿದ್ದರೆ ರಾಕರಿನ ತುದಿಯನ್ನು ಬೆಳಕು ಬಿಟ್ಟು ನೋಡಿ. ವಾಲ್ವಿನ ತಲೆ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿರುತ್ತದೆ. ಅಗಲದ ಬ್ಲೇಡ್ ಗುಳಿಯ ಎರಡು ಅಂಚಿನ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜ್ 0.30 ಎಂದರೂ ನಿಜವಾದ ಗ್ಯಾಪ್ ಗುಳಿಯ ಆಳವೂ ಸೇರಿದಷ್ಟು. ಬ್ಲೇಡನ್ನು ಗುಳಿಯಷ್ಟೇ ಅಗಲಕ್ಕೆ ಕತ್ತರಿಸಿ ಅಳೆಯಬಹುದು, ಇಲ್ಲವೇ ರಾಕರ್ ಬಿಚ್ಚಿ ತುದಿಯನ್ನು ಅದೇ ಬಾಗಿನಲ್ಲಿ ಉಜ್ಜಿಸಬೇಕು. ಗುಳಿ ಆಳವಾಗಿದ್ದರೆ ರಾಕರ್ ಬದಲಾಯಿಸಿ. ಮೇಲಿನ ಗಟ್ಟಿ ಪದರ ಹೋದ ಮೇಲೆ ಉಜ್ಜಿದರೂ ಬೇಗ ಸವೆಯುತ್ತದೆ.

ಸದ್ದಾಗುತ್ತದೆಂದು ಗ್ಯಾಪ್ ಕಡಿಮೆ ಮಾಡುವ ಆಸೆಗೆ ಬೀಳಬೇಡಿ. ಗ್ಯಾಪ್ ಹೆಚ್ಚಿದ್ದರೆ ಸದ್ದಾಗುತ್ತದೆ, ವಾಲ್ವ್ ಸ್ವಲ್ಪ ಕಡಿಮೆ ತೆರೆಯುತ್ತದೆ, ತುದಿಗಳು ಸವೆಯುತ್ತವೆ. ಗ್ಯಾಪ್ ಕಡಿಮೆಯಿದ್ದರೆ ಕಾದ ವಾಲ್ವ್ ಸೀಟಿಗೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯುವುದು ಸೀಟಿನ ಮೂಲಕವೇ, ಕೂರದಿದ್ದರೆ ಅಂಚು ಸುಡುತ್ತದೆ. ಎಕ್ಸಾಸ್ಟ್ ವಾಲ್ವ್ ಮೊದಲು ಸುಡುತ್ತದೆ, ಅದೂ ಯಾವ ಸದ್ದೂ ಇಲ್ಲದೆ. ಚಳಿಯ ಬೆಳಿಗ್ಗೆ ಎಂಜಿನ್ ಹಿಡಿಯುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಒಂದು ಸಿಲಿಂಡರ್ ತಪ್ಪುತ್ತದೆ. ಅಷ್ಟರಲ್ಲಿ ಹೆಡ್ ಇಳಿಸುವ ಕೆಲಸ ಬಂದಾಗಿರುತ್ತದೆ.

ಪುಶ್‌ರಾಡ್ ಉರುಳಿಸುವಾಗ ಮೇಲ್ತುದಿ ಅತ್ತಿತ್ತ ಓಲಾಡಿದರೆ ಅದು ಬಾಗಿದೆ. ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿ ಖಚಿತ ಮಾಡಿಕೊಳ್ಳಿ. ಹೆಡ್ ಇತ್ತೀಚೆಗೆ ಬಿಚ್ಚಿ ಹಾಕಿದ್ದರೆ ಹೆಡ್ ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ ಟಾರ್ಕ್ ಮಾಡಿದ ಮೇಲೆಯೇ ಗ್ಯಾಪ್ ಇಡಬೇಕು, ಹೆಡ್ ಕುಳಿತಂತೆ ಗ್ಯಾಪ್ ಬದಲಾಗುತ್ತದೆ.

ಆರೂ ಮುಗಿದ ಮೇಲೆ ಮತ್ತೆ ಎರಡು ಸುತ್ತು ತಿರುಗಿಸಿ, ಪ್ರತಿಯೊಂದನ್ನೂ ಇನ್ನೊಮ್ಮೆ ಗೇಜಿನಲ್ಲಿ ನೋಡಿ. ಸಾಕೆಟ್ ಮತ್ತು ರಾಡ್ ಪುಲ್ಲಿಯಿಂದ ತೆಗೆದದ್ದನ್ನು ಕಣ್ಣಾರೆ ನೋಡಿ ಬ್ಯಾಟರಿ ಜೋಡಿಸಿ, ಸ್ಟಾಪ್ ನಾಬಿನ ತಂತಿ ಬಿಚ್ಚಿ. ಕವರ್ ಮುಚ್ಚುವ ಮುನ್ನ ಎಂಜಿನ್ ಅನ್ನು ನಿಧಾನ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ, ಎಲ್ಲಾ ರಾಕರುಗಳಿಗೂ ಎಣ್ಣೆ ಬರುತ್ತಿದೆಯೇ ನೋಡಿಕೊಳ್ಳಿ. ಒಣಗಿರುವ ರಾಕರ್ ಕಂಡರೆ ರಾಕರ್ ಶಾಫ್ಟಿನ ಎಣ್ಣೆಯ ದಾರಿ ಕಟ್ಟಿದೆ, ಅದನ್ನು ಬಿಡಿಸದೆ ಮುಚ್ಚಬೇಡಿ. ಕವರ್ ನಟ್ಟುಗಳನ್ನು ಕಾರ್ಕ್ ಸ್ವಲ್ಪ ಅಮುಕುವಷ್ಟೇ ಬಿಗಿ ಮಾಡಿ. ಹೆಚ್ಚು ಬಿಗಿದರೆ ತಗಡು ಬಾಗಿ, ಪ್ಯಾಕಿಂಗ್ ಹೊರಗೆ ಹಿಸುಕಿಕೊಂಡು, ಎಣ್ಣೆ ಸೋರುತ್ತದೆ.

ಬರೆದಿಟ್ಟ ಆರು ಅಂಕಿಯ ಪಕ್ಕದಲ್ಲಿ ತಾರೀಕು ಮತ್ತು ಗಂಟೆ ಮೀಟರಿನ ಓದು ಬರೆಯಿರಿ. ಮುಂದಿನ ಸಲ ಬಿಚ್ಚಿದಾಗ ಎಲ್ಲಾ ವಾಲ್ವ್‌ಗಳ ಗ್ಯಾಪ್ ಸ್ವಲ್ಪ ಹೆಚ್ಚಿದ್ದರೆ ಅದು ಸಹಜ ಸವೆತ. ಒಂದೇ ವಾಲ್ವಿನ ಗ್ಯಾಪ್ ಪ್ರತಿ ಸಲವೂ ಕಡಿಮೆಯಾಗುತ್ತಾ ಬಂದಿದ್ದರೆ ಅದರ ಸೀಟ್ ಹೆಡ್ಡಿನೊಳಗೆ ಇಳಿಯುತ್ತಿದೆ. ಸ್ಕ್ರೂ ಹಿಂದಕ್ಕೆ ತಿರುಗಿಸಿ ಒಂದೆರಡು ಸಲ ಸರಿಮಾಡಬಹುದು, ಆದರೆ ಮುಂದಿನ ಬಿತ್ತನೆಗೆ ಮೊದಲು ಹೆಡ್ ಇಳಿಸಿ ಸೀಟ್ ಹಾಕಿಸಲು ದಿನ ಗೊತ್ತು ಮಾಡಿಕೊಳ್ಳಿ.